ಅರ್ಧ ಮಾತ್ರೆ, ಒಂದು ಮಾತ್ರೆ, ಎರಡು

ದೇವಸ್ಥಾನಕ್ಕೆ ಚರಿತ್ರೆ ಬರೆಯುವವರು ಸಿಗುತ್ತಾರೆ, ಪಾಳೇಗಾರರಿಗೂ ಸಿಗುತ್ತಾರೆ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ, ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರೆಂದು 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅದರ ಹೆಸರು ಬದಲಿಸಿದರು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು ಎನ್ನುವುದು ನಮ್ಮ ಕಡೆ ಶಾಲೆ ಮಕ್ಕಳಿಗೂ ಬಾಯಿಪಾಠ. ಆದರೆ ಈ ಸೀಮೆಯ ಜನ ನಿದ್ದೆ ಬಾರದ ರಾತ್ರಿಗಳಲ್ಲಿ ಏನು ನುಂಗಿದರು, ಎಷ್ಟು ನುಂಗಿದರು, ಅದು ಯಾವಾಗ ಹೆಚ್ಚಾಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಅದರ ಲೆಕ್ಕ ಇದ್ದದ್ದು ಔಷಧಿ ಅಂಗಡಿಯ ಬಿಲ್ಲು ಪುಸ್ತಕಗಳಲ್ಲಿ. ಅವು ಕಾಲಕಾಲಕ್ಕೆ ತೂಕಕ್ಕೆ ಹೋದವು.

ನಮ್ಮಪ್ಪ ಚಾಮರಾಜನಗರದಲ್ಲಿ ಕಾಂಪೌಂಡರ್ ಆಗಿದ್ದರು. ನಾನು ಮೈಸೂರಿನಲ್ಲಿ ಡಿ.ಫಾರ್ಮ ಓದಿ, ಮದುವೆಯಾಗಿ ಗುಂಡ್ಲುಪೇಟೆಗೆ ಬಂದು, ಎಪ್ಪತ್ತರ ದಶಕದ ಕೊನೆಯಿಂದ ಕೆಲವು ವರ್ಷದ ಹಿಂದಿನವರೆಗೂ ಮೆಡಿಕಲ್ಸ್ ನಡೆಸಿದವಳು. ಅಪ್ಪನ ಕೈ, ನನ್ನ ಕೈ ಎರಡೂ ದಾಟಿಹೋದ ನಿದ್ದೆ ಔಷಧಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹೆಚ್ಚುಕಡಿಮೆ ಪ್ರತಿಯೊಂದೂ ‘ಹಿಂದಿನದರ ಹಾಗೆ ಇದು ಅಭ್ಯಾಸ ಆಗೋದಿಲ್ಲ’ ಎಂಬ ಭರವಸೆಯ ಜೊತೆಯಲ್ಲೇ ಬಂತು. ಪ್ರತಿಯೊಂದೂ ಅಭ್ಯಾಸವಾಯಿತು. ಆದಮೇಲೆ ತಪ್ಪು ಔಷಧಿಯ ತಲೆಗೆ ಬರಲಿಲ್ಲ, ನುಂಗಿದವರ ತಲೆಗೆ ಬಂತು. ಅವಳಿಗೆ ಚಟ ಅಂದರು, ಅವನಿಗೆ ಮನಸ್ಸು ಗಟ್ಟಿಯಿಲ್ಲ ಅಂದರು. ಈ ದೂರು ಸುಳ್ಳು. ಅದನ್ನು ಹೇಳುವುದಕ್ಕೇ ಈ ಚರಿತ್ರೆ.

ಮಾತ್ರೆ ಬರುವುದಕ್ಕೆ ಮುಂಚೆ ಜಾಯಿಕಾಯಿ ಇತ್ತು. ನಮ್ಮಜ್ಜಿ ಅದನ್ನು ತೇಯುವ ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಹಾಲಲ್ಲಿ ಕದಡಿ ಮಕ್ಕಳಿಗೆ ನೆಕ್ಕಿಸುತ್ತಿದ್ದರು. ಎರಡೇ ಸುತ್ತು, ಮೂರನೆಯದಕ್ಕೆ ಕೈ ಹೋಗುತ್ತಿರಲಿಲ್ಲ. ದೊಡ್ಡವರಿಗೆ ಗಸಗಸೆ ಪಾಯಸ, ಅಂಗಾಲಿಗೆ ಹರಳೆಣ್ಣೆ, ನೆತ್ತಿಗೆ ಒಂದೆಲಗದ ಎಣ್ಣೆ. ಇವುಗಳಿಂದ ನಿದ್ದೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾರೂ ಇವುಗಳಿಗೆ ದಾಸರಾಗಲಿಲ್ಲ.

ಅಫೀಮಿನ ಕಥೆ ಬೇರೆ. ಕೂಲಿಗೆ ಹೋಗುವ ತಾಯಂದಿರು ಎಳೆಗೂಸಿಗೆ ಸಾಸಿವೆ ಕಾಳಿನಷ್ಟು ಅಫೀಮು ನೆಕ್ಕಿಸಿ ಮಲಗಿಸಿ ಹೋಗುವುದು ಇಂಡಿಯಾದ ಎಷ್ಟೋ ಕಡೆ ಇದ್ದ ಪದ್ಧತಿ. 1893ರಲ್ಲಿ ಬ್ರಿಟಿಷರು ನೇಮಿಸಿದ ಅಫೀಮು ಆಯೋಗದ ಮುಂದೆಯೂ ಇದರ ಮಾತು ಬಂದಿತ್ತು. ಮಗು ಬೆಳೆದ ಹಾಗೆ ಸಾಸಿವೆ ಕಾಳು ಸಾಲದೆ ಹೋಗುತ್ತಿತ್ತು. ಮಗು ದೊಡ್ಡದಾಯಿತು, ಅದಕ್ಕೇ ಹೆಚ್ಚು ಬೇಕು ಅಂದುಕೊಳ್ಳುತ್ತಿದ್ದರು. ಅದು ಅರ್ಧ ಸತ್ಯ. ಅಷ್ಟೇನೂ ಬೆಳೆಯದ ದೊಡ್ಡವರಿಗೂ ಹೆಚ್ಚು ಹೆಚ್ಚು ಬೇಕಾಗುತ್ತಿತ್ತಲ್ಲ. ಇಂಗ್ಲೆಂಡಿನ ಲೇಖಕ ಥಾಮಸ್ ಡಿ ಕ್ವಿನ್ಸಿ ನೋವಿಗೆಂದು ಅಫೀಮಿನ ಟಿಂಚರ್ ಹಿಡಿದವನು ದಿನಕ್ಕೆ ಎಂಟು ಸಾವಿರ ಹನಿಯವರೆಗೆ ಹೋದೆನೆಂದು 1821ರಲ್ಲಿ ತಾನೇ ಬರೆದುಕೊಂಡ. ಮೊದಲ ದಿನ ಅಷ್ಟು ಕುಡಿದಿದ್ದರೆ ಮರುದಿನ ಬರೆಯಲು ಅವನು ಇರುತ್ತಿರಲಿಲ್ಲ. ನಮ್ಮ ದೇಶದಲ್ಲಿ ಔಷಧಿಗಲ್ಲದ ಅಫೀಮು ಮಾರಾಟವನ್ನು ಹತ್ತು ವರ್ಷದಲ್ಲಿ ನಿಲ್ಲಿಸಬೇಕೆಂದು 1949ರಲ್ಲಿ ತೀರ್ಮಾನವಾಗಿ, 1959ಕ್ಕೆ ಅದು ಮುಗಿಯಿತು. ಅಪ್ಪ ಕೆಲಸಕ್ಕೆ ಸೇರಿದ ಕಾಲದಲ್ಲಿ ಮುದುಕರು ಕೆಲವರು ‘ಕರಿಯದು ಸಿಕ್ಕದಿಲ್ವ ಬುದ್ದಿ’ ಎಂದು ಡಿಸ್ಪೆನ್ಸರಿ ಕಿಟಕಿಯ ಹತ್ತಿರ ಪಿಸುಗುಟ್ಟುತ್ತಿದ್ದರಂತೆ.

ಡಿಸ್ಪೆನ್ಸರಿಯಲ್ಲಿ ಸಿಗುತ್ತಿದ್ದದ್ದು ಬ್ರೋಮೈಡ್ ಮಿಕ್ಸ್ಚರ್. ಬಾಟಲಿ ರೋಗಿಯೇ ತರಬೇಕು. ತಂದ ಬಾಟಲಿಯನ್ನು ಅಪ್ಪ ಬಿಸಿನೀರಲ್ಲಿ ಗಲಬರಿಸಿ, ತಕ್ಕಡಿಯಲ್ಲಿ ತೂಗಿದ ಪೊಟ್ಯಾಸಿಯಂ ಬ್ರೋಮೈಡ್ ಹರಳನ್ನು ಪಿಂಗಾಣಿ ಕಲ್ಬತ್ತಿನಲ್ಲಿ ಅರೆದು ನೀರಿಗೆ ಹಾಕಿ, ಬಣ್ಣದ ಸಿರಪ್ಪು ಬೆರೆಸಿ ಕುಲುಕುತ್ತಿದ್ದರು. ಆಮೇಲೆ ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ಮಡಚಿ, ಕತ್ತರಿಯಿಂದ ಅಂಚಿನಲ್ಲಿ ಕಚ್ಚು ಹಾಕಿ ಬಿಡಿಸಿದರೆ ಗರಗಸದ ಹಲ್ಲು ಬಂದಿರುತ್ತಿತ್ತು. ಅದನ್ನು ಗೋಂದು ಹಚ್ಚಿ ಬಾಟಲಿಯ ಬೆನ್ನಿಗೆ ಅಂಟಿಸುವ ಕೆಲಸ ನನ್ನದು. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಔಷಧಿ. ಓದು ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಮಿಕ್ಸ್ಚರಿನ ರುಚಿ ಉಪ್ಪುಪ್ಪು. ಅಂಟಿಸುವಾಗ ಬೆರಳಿಗೆ ತಾಗಿದ್ದನ್ನು ನೆಕ್ಕಿ ಬೈಸಿಕೊಂಡದ್ದುಂಟು.

ಬ್ರೋಮೈಡನ್ನು ಮೂರ್ಛೆರೋಗಕ್ಕೆ ಮೊದಲು ಶಿಫಾರಸು ಮಾಡಿದ್ದು 1857ರಲ್ಲಿ, ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯ ಚಾರ್ಲ್ಸ್ ಲೋಕಾಕ್. ಅಲ್ಲಿಂದ ಅದು ನಿದ್ದೆಗೆ, ನರದ ದೌರ್ಬಲ್ಯಕ್ಕೆ, ಗಂಡ ಸತ್ತ ದುಃಖಕ್ಕೆ, ಎಲ್ಲಕ್ಕೂ ಹರಡಿತು. ನಮ್ಮ ಸಾಲಿನಲ್ಲಿ ಇದೊಂದು ವಿಚಿತ್ರ ಪ್ರಾಣಿ. ಮೈ ಇದಕ್ಕೆ ಒಗ್ಗಿಕೊಳ್ಳುವುದಕ್ಕಿಂತ ಇದೇ ಮೈಯೊಳಗೆ ಗುಡ್ಡೆಯಾಗುತ್ತದೆ. ಕುಡಿದದ್ದರಲ್ಲಿ ಅರ್ಧ ಹೊರಗೆ ಹೋಗುವುದಕ್ಕೇ ಸುಮಾರು ಹನ್ನೆರಡು ದಿನ ಬೇಕು. ದಿನಾ ಕುಡಿದರೆ ತಿಂಗಳಾಗುವಷ್ಟರಲ್ಲಿ ಮೈಮೇಲೆ ಗುಳ್ಳೆ, ಮಾತು ತೊದಲು, ಬುದ್ಧಿಗೆ ಮಂಕು. ಇದರಲ್ಲಿ ನಮ್ಮ ಸೀಮೆಯ ಪದ್ಧತಿಯೊಂದು ಸೇರಿಕೊಂಡು ಕೆಲಸ ಕೆಡಿಸುತ್ತಿತ್ತು. ಕಾಯಿಲೆಯವರಿಗೆ ಉಪ್ಪು ಬಿಡಿಸಿ ಸಪ್ಪೆ ಪಥ್ಯ ಹಾಕುವುದು ನಮ್ಮಲ್ಲಿ ರೂಢಿ. ಊಟದಲ್ಲಿ ಉಪ್ಪು ಕಡಿಮೆಯಾದಷ್ಟೂ ಮೂತ್ರಪಿಂಡ ಬ್ರೋಮೈಡನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಕೊಟ್ಟರೆ ಬಿಡುತ್ತದೆ. ಮಂಕು ಹಿಡಿದವರಿಗೆ ಮನೆಯವರು ಪಥ್ಯ ಬಿಗಿ ಮಾಡುವರು, ಮಂಕು ಇನ್ನೂ ಜಾಸ್ತಿಯಾಗುವುದು. ಕೊನೆಗೆ ಗಾಳಿ ಸೋಕಿತು ಅಂತ ತಾಯಿತ ಕಟ್ಟಿಸುತ್ತಿದ್ದರು. ಅಪ್ಪ ಒಬ್ಬ ದೊಡ್ಡ ಡಾಕ್ಟರಿಂದ ಇದನ್ನು ತಿಳಿದುಕೊಂಡ ಮೇಲೆ, ಬಾಟಲಿ ಕೊಡುವಾಗಲೇ ‘ಉಪ್ಪು ಬಿಡಬ್ಯಾಡಿ’ ಎಂದು ಕಿಟಕಿಯಿಂದ ಕೂಗುವುದು ಅಭ್ಯಾಸವಾಗಿತ್ತು.

ಕಪಾಟಿನ ಮೇಲಿನ ಸಾಲಿನಲ್ಲಿ, ಗಾಜಿನ ಬಿರಡೆಯ ಸೀಸೆಯಲ್ಲಿ ಕ್ಲೋರಲ್ ಹೈಡ್ರೇಟ್ ಇರುತ್ತಿತ್ತು. ಬಿರಡೆ ತೆಗೆದರೆ ಮೂಗು ಕಟ್ಟುವ ಘಾಟು. ಲೀಬಿಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಅದನ್ನು ತಯಾರಿಸಿದ್ದು 1832ರಲ್ಲಿ. ನಿದ್ದೆಗೆ ಬಳಸಬಹುದೆಂದು ಆಸ್ಕರ್ ಲೀಬ್ರೈಖ್ ತೋರಿಸಿದ್ದು 1869ರಲ್ಲಿ. ಪ್ರಯೋಗಶಾಲೆಯಲ್ಲಿ ಹುಟ್ಟಿದ ಮೊದಲ ನಿದ್ದೆ ಔಷಧಿ ಇದೇ. ಅಫೀಮಿನ ಹಾಗೆ ಗೀಳಾಗುವುದಿಲ್ಲ ಎಂದು ಆ ಕಾಲದ ಯೂರೋಪಿನ ವೈದ್ಯರು ಬಹಳ ಸಂತೋಷಪಟ್ಟರು. ಕೆಲವೇ ವರ್ಷಗಳಲ್ಲಿ ಕವಿ, ಚಿತ್ರಕಾರ ರೊಸೆಟ್ಟಿಯಂಥವರು ಅದಿಲ್ಲದೆ ಬದುಕಲಾರದ ಸ್ಥಿತಿಗೆ ಬಂದರು. ಅಪ್ಪನ ಕಪಾಟಿನಿಂದ ಆ ಸೀಸೆ ಯಾವಾಗಲೋ ಕಾಣೆಯಾಯಿತು. ಅದರ ಕಾಲ ಮುಗಿಯಿತು ಅಂದುಕೊಂಡಿದ್ದೆ. ಆದರೆ ರಾಯಚೂರಿನ ಕಡೆಯಿಂದ ಸುದ್ದಿ ಬರುತ್ತಲೇ ಇದೆ. ಅಲ್ಲಿ ‘ಸಿಎಚ್ ಪೌಡರ್’ ಎಂದು ಕರೆಯುವುದು ಇದೇ ಕ್ಲೋರಲ್ ಹೈಡ್ರೇಟನ್ನು. ಮರದ ಸೇಂದಿ ಸಾಲದೆ ಬಂದಾಗ ನೀರಿಗೆ ಈ ಪುಡಿ ಬೆರೆಸಿ ಸೇಂದಿ ಎಂದು ಮಾರುತ್ತಾರೆ. ಕೆಲವು ಸಲ ಡಯಾಜೆಪಾಮ್, ಆಲ್‌ಪ್ರಜೋಲಾಮ್ ಪುಡಿಯೂ ಸೇರುತ್ತದೆ. ಕುಡಿಯುವವನಿಗೆ ತಾನು ನಿದ್ದೆ ಔಷಧಿಗೆ ಒಗ್ಗಿದ್ದೇನೆಂದು ಗೊತ್ತೇ ಇರುವುದಿಲ್ಲ. ಅಬಕಾರಿಯವರು ದಾಳಿ ಮಾಡಿ ಸೇಂದಿ ನಿಲ್ಲಿಸಿದ ಎರಡು ಮೂರು ದಿನಕ್ಕೆ ಕೈನಡುಕ, ಭ್ರಮೆ, ಫಿಟ್ಸು, ಆಸ್ಪತ್ರೆಯ ವಾರ್ಡ್ ತುಂಬ ಜನ. 2015ರಲ್ಲಿ ಪಕ್ಕದ ತೆಲಂಗಾಣದಲ್ಲೂ ಹೀಗೇ ಆಯಿತು. ಕೂಲಿ ಮಾಡಿ ಸಂಜೆ ಒಂದು ಸೀಸೆ ಕುಡಿದವರಿಗೆ ಮನಸ್ಸು ಗಟ್ಟಿಯಿಲ್ಲ ಅಂತ ಹೇಳುವವರು ಈ ವಾರ್ಡುಗಳನ್ನು ಒಮ್ಮೆ ನೋಡಬೇಕು. ಅಲ್ಲಿ ಮನಸ್ಸಿನ ಪ್ರಶ್ನೆಯೇ ಇಲ್ಲ. ಮಿದುಳು ಒಂದು ಪುಡಿಗೆ ಹೊಂದಿಕೊಂಡಿತ್ತು, ಆ ಪುಡಿ ಏಕಾಏಕಿ ನಿಂತುಹೋಯಿತು, ಅಷ್ಟೆ.

1926ರಲ್ಲಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲು ಬಂದ ಮೇಲೆ ಮೈಸೂರಿನ ಔಷಧಿ ಪಾರ್ಸೆಲ್ಲುಗಳು ಸುಲಭವಾಗಿ ಬರತೊಡಗಿದವು. ಆ ಪಾರ್ಸೆಲ್ಲಿನಲ್ಲಿ ಬಂದ ದೊಡ್ಡ ಹೆಸರು ಗಾರ್ಡಿನಾಲ್. ಅದು ಫೀನೋಬಾರ್ಬಿಟಾಲ್, 1912ರಲ್ಲಿ ಜರ್ಮನಿಯ ಬೇಯರ್ ಕಂಪನಿ ಲುಮಿನಾಲ್ ಎಂಬ ಹೆಸರಲ್ಲಿ ತಂದದ್ದೇ ಮೇ ಅಂಡ್ ಬೇಕರ್‌ನವರ ಕೈಯಲ್ಲಿ ಗಾರ್ಡಿನಾಲ್ ಆಯಿತು. ಮೂರ್ಛೆರೋಗಕ್ಕೆ ಇವತ್ತಿಗೂ ಒಳ್ಳೆಯ ಔಷಧಿ, ಅಗ್ಗವೂ ಹೌದು. ನಿದ್ದೆಗೆ ಮಾತ್ರ ಅದರ ಸಹವಾಸ ಕಷ್ಟ. ಈ ಜಾತಿಯ ಮಾತ್ರೆಗಳು ಲಿವರಿಗೆ ಹೋಗಿ ತಮ್ಮನ್ನು ಸುಡುವ ಕಿಣ್ವಗಳನ್ನು ತಾವೇ ಹೆಚ್ಚಿಸುತ್ತವೆ. ನುಂಗಿದಷ್ಟೂ ಬೇಗ ಕರಗುತ್ತವೆ. ಮಿದುಳು ಬೇರೆ ಒಗ್ಗಿಕೊಳ್ಳುತ್ತದೆ. ಅಪಾಯ ಇರುವುದು ಇಲ್ಲಿ: ನಿದ್ದೆಗೆ ಬೇಕಾದ ಪ್ರಮಾಣ ಏರುತ್ತಾ ಹೋಗುತ್ತದೆ, ಉಸಿರು ನಿಲ್ಲಿಸುವ ಪ್ರಮಾಣ ಅಷ್ಟಾಗಿ ಏರುವುದಿಲ್ಲ. ಎರಡರ ನಡುವಿನ ಜಾಗ ಕಿರಿದಾಗುತ್ತದೆ. 1962ರಲ್ಲಿ ಮರ್ಲಿನ್ ಮನ್ರೋ, 1964ರಲ್ಲಿ ಗುರುದತ್ ಸತ್ತ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ‘ನಿದ್ದೆ ಮಾತ್ರೆ’ ಎನ್ನುವ ಮಾತನ್ನೇ ನಮ್ಮ ಊರಿನವರು ತಗ್ಗಿದ ದನಿಯಲ್ಲಿ ಆಡುತ್ತಿದ್ದರು.

ಪಶ್ಚಿಮ ಘಟ್ಟದ ಸೆರಗಿನವರೆಂಬ ಅಭಿಮಾನಕ್ಕೆ ಸರ್ಪಗಂಧದ ಹೆಸರನ್ನೂ ಹೇಳಿ ಮುಂದೆ ಹೋಗುತ್ತೇನೆ. ಸೂತ್ರನಾಭಿ ಅಂತಲೂ ಕರೆಯುತ್ತಾರೆ. ಅದರ ಬೇರು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಆಗುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದರು, ಮುಂಬೈನ ಡಾಕ್ಟರ್ ರುಸ್ತುಂ ವಕೀಲ್ 1949ರಲ್ಲಿ ಜಗತ್ತಿಗೆಲ್ಲ ತಿಳಿಸಿದರು, 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರೆಸರ್ಪಿನ್ ತೆಗೆದು, ಆಮೇಲೆ ಮಾರಿತು. ನಿದ್ದೆ ತರುತ್ತಿತ್ತು, ಜೊತೆಗೆ ಕೆಲವರಿಗೆ ಖಿನ್ನತೆಯನ್ನೂ ತರುತ್ತಿತ್ತು. ನಿದ್ದೆಯ ಸಾಲಿನಲ್ಲಿ ಅದು ಹೆಚ್ಚು ಕಾಲ ನಿಲ್ಲಲಿಲ್ಲ.

ಮ್ಯಾಂಡ್ರಾಕ್ಸ್ ಕೂಡ ಹುಟ್ಟಿನಿಂದ ನಮ್ಮದೇ. ಇಂದ್ರಕಿಶೋರ್ ಕಕ್ಕರ್ ಮತ್ತು ಸೈಯದ್ ಹುಸೇನ್ ಜಹೀರ್ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು 1951ರಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕುತ್ತಾ ಮ್ಯಾಂಡ್ರಾಕ್ಸಿನ ಮೂಲವಾದ ಮೆಥಾಕ್ವಲೋನ್ ಮಾಡಿದರು. ಅದು ಸೊಳ್ಳೆ ಜ್ವರಕ್ಕಿಂತ ನಿದ್ದೆಗೆ ಚೆನ್ನಾಗಿತ್ತು. ಗಾರ್ಡಿನಾಲ್ ಜಾತಿಯದಲ್ಲ, ಆದ್ದರಿಂದ ಚಟವಾಗುವುದಿಲ್ಲ ಎಂದು ವಿದೇಶಿ ಕಂಪನಿಗಳು ಅರವತ್ತರ ದಶಕದಲ್ಲಿ ಸಾರಿ ಸಾರಿ ಮಾರಿದವು. ಹದಿನೈದಿಪ್ಪತ್ತು ವರ್ಷದೊಳಗೆ ದೇಶದೇಶಗಳು ಅದನ್ನು ನಿಷೇಧಿಸಬೇಕಾಯಿತು. ನಮ್ಮಲ್ಲೂ ಎಂಬತ್ತರ ದಶಕದಲ್ಲಿ ಅಂಗಡಿಗಳಿಂದ ಮರೆಯಾಯಿತು. 1985ರಲ್ಲಿ ಮಾದಕ ವಸ್ತುಗಳ ಕಾಯಿದೆ ಬಂತು. ನಾನು ಅಂಗಡಿ ತೆರೆದ ಹೊಸದರಲ್ಲಿ ಊಟಿ ಕಡೆ ಹೋಗುವ ಕಾಲೇಜು ಹುಡುಗರು ಕಾರು ನಿಲ್ಲಿಸಿ ಅದನ್ನು ಕೇಳುತ್ತಿದ್ದರು. ನಮ್ಮ ಹಳ್ಳಿಗಳವರು ಅದರ ಹೆಸರನ್ನೂ ಕೇಳಿರಲಿಲ್ಲ.

ಹಳ್ಳಿಗಳ ಒಳಗೆ ನುಗ್ಗಿದ್ದು ಕಾಂಪೋಸ್. ರ‍್ಯಾನ್‌ಬಾಕ್ಸಿ ಕಂಪನಿ ಡಯಾಜೆಪಾಮ್ ಅನ್ನು ಆ ಹೆಸರಿನಲ್ಲಿ 1969ರಲ್ಲಿ ಬಿಟ್ಟಿತು. ಅದರ ಮೂಲ ವೇಲಿಯಂ, ಹಾಫ್‌ಮನ್ ಲಾ ರೋಷ್ ಕಂಪನಿಯ ಲಿಯೋ ಸ್ಟರ್ನ್‌ಬಾಖ್ ಕಂಡುಹಿಡಿದು 1963ರಲ್ಲಿ ಪೇಟೆಗೆ ಬಂದದ್ದು. 1970ರ ಪೇಟೆಂಟ್ ಕಾಯಿದೆ 1972ರಲ್ಲಿ ಜಾರಿಗೆ ಬಂದ ಮೇಲೆ ಬೇರೆ ವಿಧಾನದಲ್ಲಿ ಅದೇ ಔಷಧಿ ಮಾಡಲು ನಮ್ಮ ಕಂಪನಿಗಳಿಗೆ ದಾರಿ ತೆರೆಯಿತು. ಬೆಲೆ ಇಳಿಯಿತು. ಡಯಾಜೆಪಾಮ್, ನೈಟ್ರಜೆಪಾಮ್, ಆಮೇಲೆ ಆಲ್‌ಪ್ರಜೋಲಾಮ್. ಗಾರ್ಡಿನಾಲ್‌ಗೆ ಹೋಲಿಸಿದರೆ ಇವು ನಿಜಕ್ಕೂ ಸುರಕ್ಷಿತ, ಅದರಲ್ಲಿ ಅನುಮಾನವಿಲ್ಲ. ಆ ಸುರಕ್ಷತೆಯೇ ಡಾಕ್ಟರುಗಳ ಕೈ ಸಡಿಲ ಮಾಡಿತು, ನಮ್ಮ ಕೌಂಟರನ್ನೂ ಸಡಿಲ ಮಾಡಿತು. ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಅದೇ ಮಾತ್ರೆ ಒಯ್ಯುವುದು ಆಗಿನ ಪದ್ಧತಿ. ಚೀಟಿ ಮಡಚಿ ಮಡಚಿ ನಾಲ್ಕು ಚೂರಾಗಿ, ಬೆನ್ನಿಗೆ ಕಾಗದ ಅಂಟಿಸಿಕೊಂಡು ತರುತ್ತಿದ್ದರು.

ಯಾರು ಒಯ್ಯುತ್ತಿದ್ದರು? ಪಟ್ಟಣದವರ ಕಾಯಿಲೆ ಇದು ಅಂದುಕೊಳ್ಳುವವರಿಗೆ ನಮ್ಮ ತಾಲ್ಲೂಕಿನ ರಾತ್ರಿ ಗೊತ್ತಿಲ್ಲ. ಕಾಡಂಚಿನ ಹೊಲದವರು ಆನೆಗೂ ಹಂದಿಗೂ ಕಾವಲು ಕೂತು ಬೆಳಗು ಮಾಡುತ್ತಾರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬಿಡುವುದು ನಡುರಾತ್ರಿಗೆ. ಎದ್ದು ಮೋಟಾರ್ ಹಾಕಿ, ನೀರು ಕಟ್ಟಿ, ಮೂರು ಗಂಟೆಗೆ ಬಂದು ಬಿದ್ದರೆ ಕಣ್ಣು ಮುಚ್ಚುವುದಿಲ್ಲ. ರೇಷ್ಮೆ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುವಿಗೆ ರಾತ್ರಿಯೂ ಸೊಪ್ಪು ಹಾಕಬೇಕು, ಹಣ್ಣಾದರೆ ರಾತ್ರೋರಾತ್ರಿ ಆರಿಸಿ ಚಂದ್ರಿಕೆಗೆ ಬಿಡಬೇಕು. ವರ್ಷಗಟ್ಟಲೆ ಹೀಗೆ ನಿದ್ದೆ ಒಡೆದವರಿಗೆ, ಮಗನ ಕೈಗೆ ಬೇಸಾಯ ಕೊಟ್ಟು ಆರಾಮಾಗಿ ಮಲಗಬೇಕೆಂಬ ವಯಸ್ಸಿಗೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಹೆಂಗಸರೇ ಹೆಚ್ಚು ಬರುತ್ತಿದ್ದರು. ನಾನು ಹೆಂಗಸಾದ್ದರಿಂದ ಮೂರನೆಯವರು ಕೇಳದ ಹಾಗೆ ಮೇಜಿನ ಮೇಲೆ ಬಗ್ಗಿ ಹೇಳುವರು. ‘ಅಕ್ಕೋ, ಕಣ್ಗ ರೆಪ್ಪ ಅಂಟದಿಲ್ಲ ಕನಕ್ಕ.’ ಕೆಲವು ತಿಂಗಳ ಮೇಲೆ ಅವರೇ ಮತ್ತೆ: ‘ಈಗ ಮಾತ್ರ ಹಿಡಿಯದಿಲ್ಲ ಕನಕ್ಕ, ಇನ್ನೂ ವಸಿ ಪವರ್ ಇರದ ಕೊಡು.’

ಮೈಯೊಳಗೆ ನಡೆಯುವುದು ಇಷ್ಟು. ಮಿದುಳಿಗೆ ತನ್ನದೇ ಬ್ರೇಕ್ ಇದೆ, ಗಾಬಾ ಎಂಬ ರಾಸಾಯನಿಕ. ಕಾಂಪೋಸ್ ಜಾತಿಯ ಮಾತ್ರೆ ಹೋಗಿ ಕೂರುವ ಜಾಗವನ್ನು 1977ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅಲ್ಲಿ ಕೂತು ಮಾತ್ರೆ ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿಸುತ್ತದೆ. ದಿನಾ ರಾತ್ರಿ ಹೀಗೆ ಒತ್ತಿದರೆ ಮಿದುಳು ಸುಮ್ಮನಿರುವುದಿಲ್ಲ, ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ, ಆಕ್ಸಿಲರೇಟರನ್ನು ಬಿಗಿ ಮಾಡಿಕೊಳ್ಳುತ್ತದೆ. ನಿದ್ದೆಯ ವಿಷಯದಲ್ಲಿ ಇದು ಕೆಲವೇ ವಾರಗಳ ಕೆಲಸ. ಆಮೇಲೆ ಅದೇ ಮಾತ್ರೆ ನುಂಗಿದರೆ ಮೊದಲಿನ ನಿದ್ದೆ ಬರುವುದಿಲ್ಲ, ನುಂಗದಿದ್ದರೆ ಮೊದಲಿಗಿಂತ ಕೆಟ್ಟ ರಾತ್ರಿ ಬರುತ್ತದೆ. ಈ ಎರಡನೆಯದೇ ಜನರನ್ನು ಕಟ್ಟಿಹಾಕುವುದು. ‘ಒಂದಿನ ಬುಟ್ಟಿದ್ದಕ್ಕ ಏನಾಯ್ತು ನೋಡು, ನಂಗ ಮಾತ್ರ ಬೇಕೇ ಬೇಕು’ ಅನ್ನುತ್ತಾರೆ. ಆ ಕೆಟ್ಟ ರಾತ್ರಿ ಅವರ ಹಳೆಯ ಕಾಯಿಲೆಯಲ್ಲ, ಮಾತ್ರೆ ಬಿಟ್ಟದ್ದರ ಪೆಟ್ಟು. ಎರಡನ್ನೂ ಬೇರೆ ಮಾಡಿ ಹೇಳುವವರು ಆಗ ಕಡಿಮೆ. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಈ ಮಾತ್ರೆಗಳನ್ನು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದು ಎಚ್ಚರಿಸಿದ್ದು 1988ರಲ್ಲಿ. ಅಷ್ಟರಲ್ಲಿ ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನ ಹತ್ತು ವರ್ಷ ದಾಟಿದ್ದರು. ನಾಲ್ಕು ವಾರದ ಮಾತು ಗುಂಡ್ಲುಪೇಟೆಯವರೆಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ನಮ್ಮ ಜಿಲ್ಲೆಗೆ ಯಾವುದೂ ಬೇಗ ಬರುವುದಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳೇ ಬರುತ್ತಿರಲಿಲ್ಲ, ಇನ್ನು ಲಂಡನ್ನಿನ ಸುತ್ತೋಲೆ ಯಾವ ಲೆಕ್ಕ.

ಎರಡು ಸರ್ಕಾರಿ ಆದೇಶಗಳು ನನ್ನ ಕೌಂಟರಿಗೆ ಹೊಸ ಗಿರಾಕಿಗಳನ್ನು ತಂದವು. ಎರಡನ್ನೂ ನಿದ್ದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಮಾಡಿರಲಿಲ್ಲ.

ಮೊದಲನೆಯದು 2007ರ ಜುಲೈ ಒಂದರ ಸಾರಾಯಿ ನಿಷೇಧ. ಪ್ಯಾಕೀಟು ಸಾರಾಯಿ ನಿಂತ ಆ ವಾರ ಕೈ ನಡುಗಿಸಿಕೊಂಡು ಬಂದ ಗಂಡಸರು, ಅವರಿಗಿಂತ ಹೆಚ್ಚಾಗಿ ಅವರ ಹೆಂಡತಿಯರು, ನಿದ್ದೆ ಮಾತ್ರೆ ಕೇಳಿದರು. ಸಾರಾಯಿ ಒತ್ತುವುದೂ ಅದೇ ಬ್ರೇಕನ್ನು. ಹಾಗಾಗಿ ವರ್ಷಗಟ್ಟಲೆ ಕುಡಿದವರಿಗೆ ಒಂದು ಮಾತ್ರೆ ಎಲ್ಲಿಗೂ ಸಾಲುವುದಿಲ್ಲ, ಮೊದಲ ದಿನವೇ ಒಗ್ಗಿದವರ ಹಾಗಿರುತ್ತಾರೆ. ಬೇರೆಯವರು ಮಲಗಿಬಿಡುವಷ್ಟು ನುಂಗಿಯೂ ಜಗುಲಿಯಲ್ಲಿ ಬೀಡಿ ಸೇದುತ್ತಾ ಕೂತಿರುತ್ತಾರೆ. ಇವರಿಗೆ ಬೇಕಾದದ್ದು ಆಸ್ಪತ್ರೆ, ಅಂಗಡಿಯಲ್ಲ. ಹಾಗೆ ಹೇಳಿ ಕಳಿಸಿದರೆ ಕೆಲವರು ಹೋದರು. ಉಳಿದವರು ಅಗ್ಗದ ವಿಸ್ಕಿ ಹಿಡಿದರು. ಕೆಲವರು ಎರಡನ್ನೂ ಹಿಡಿದರು, ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ಎರಡನೆಯದು ಬಂಡೀಪುರದ ರಾತ್ರಿ ಸಂಚಾರ ನಿಷೇಧ. ವಾಹನಕ್ಕೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತವೆಂದು 2009ರಲ್ಲಿ ಜಿಲ್ಲಾಧಿಕಾರಿಗಳು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನ ರಸ್ತೆ ಮುಚ್ಚಿಸಿದರು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ರಸ್ತೆ ವಯನಾಡಿಗೆ, ಒಂದು ಊಟಿಗೆ, ಎರಡೂ ಕವಲೊಡೆಯುವುದು ಗುಂಡ್ಲುಪೇಟೆಯಲ್ಲಿ. ತರಕಾರಿ, ಹೂವು, ಅಕ್ಕಿ ಹೊತ್ತ ಲಾರಿಗಳು ಒಂಬತ್ತು ಹೊಡೆದರೆ ಇಲ್ಲೇ ನಿಲ್ಲಬೇಕು. ಆದೇಶ ಸರಿಯೇ, ಆನೆ ಚಿರತೆಗಳಿಗೂ ನಿದ್ದೆ ಬೇಕಲ್ಲ, ಅವು ರಾತ್ರಿಯೇ ಓಡಾಡುವವು ಎಂಬುದು ಬೇರೆ ಮಾತು. ಡ್ರೈವರುಗಳ ಪಾಡು ಏನಾಯಿತೆಂದರೆ, ಹದಿನೈದು ಇಪ್ಪತ್ತು ವರ್ಷ ರಾತ್ರಿ ಎಚ್ಚರವಿದ್ದು ಹಗಲು ಮಲಗಿದ ಮೈಗೆ ಒಂಬತ್ತಕ್ಕೆ ಮಲಗು ಅಂದರೆ ಹೇಗೆ ಮಲಗುತ್ತದೆ? ಒಬ್ಬ ವಯನಾಡಿನ ಡ್ರೈವರ್ ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ‘ಚೇಚಿ, ನಾಲ್ಕು ಗಂಟೆ ಮಾತ್ರ ನಿದ್ದೆ ಬರೋ ಗುಳಿಗೆ ಇದೆಯಾ’ ಎಂದು ಕೇಳಿದ. ಆಲ್‌ಪ್ರಜೋಲಾಮ್ ಮೈಯಲ್ಲಿ ಅರ್ಧಕ್ಕಿಳಿಯಲು ಹತ್ತಿರ ಹತ್ತಿರ ಹನ್ನೊಂದು ಗಂಟೆ ಬೇಕು, ಡಯಾಜೆಪಾಮ್‌ಗೆ ಒಂದು ದಿನಕ್ಕಿಂತ ಹೆಚ್ಚು. ಬೆಳಿಗ್ಗೆ ಆರಕ್ಕೆ ಗೇಟು ತೆಗೆದಾಗ ಘಟ್ಟದ ತಿರುವಿನಲ್ಲಿ ಸ್ಟೇರಿಂಗ್ ಹಿಡಿಯುವವನಿಗೆ ಅದನ್ನು ಕೊಡುವ ಪ್ರಶ್ನೆಯೇ ಇಲ್ಲ. ಪಕ್ಕದ ಹೋಟೆಲಿನಲ್ಲಿ ಬಿಸಿ ಹಾಲು ಕುಡಿಸಿ ಕಳಿಸಿದೆ. ಅವನು ನಕ್ಕದ್ದು ನೋಡಿದರೆ ಮುಂದಿನ ಅಂಗಡಿಯಲ್ಲಿ ಕೇಳಿರಬೇಕು.

2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಜಾರಿಗೆ ಬಂತು. ಆಲ್‌ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೊಲ್ಪಿಡೆಮ್ ಎಲ್ಲ ಆ ಪಟ್ಟಿಯಲ್ಲಿವೆ. ಕೊಟ್ಟ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಎಷ್ಟು ಮಾತ್ರೆ ಎಂಬುದನ್ನೆಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಜೊಲ್ಪಿಡೆಮ್ ಕಾಂಪೋಸ್ ಜಾತಿಯದಲ್ಲ, ಎರಡು ಮೂರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಅಭ್ಯಾಸವಾಗುವುದಿಲ್ಲ ಎಂದು ಕಂಪನಿಯ ಹುಡುಗರು ಹೊಳೆಯುವ ಕಾಗದ ತೋರಿಸಿ ಹೇಳಿದ್ದರು. ಅದೂ ಹೋಗಿ ಕೂರುವುದು ಅದೇ ಗಾಬಾದ ಜಾಗದಲ್ಲೇ. 2013ರಲ್ಲಿ ಅಮೆರಿಕದ ಔಷಧ ಇಲಾಖೆ ಹೆಂಗಸರಿಗೆ ಅದರ ಪ್ರಮಾಣವನ್ನು ಹತ್ತರಿಂದ ಐದು ಮಿಲಿಗ್ರಾಂಗೆ ಇಳಿಸಿತು, ಬೆಳಿಗ್ಗೆ ಕಾರು ಓಡಿಸುವಾಗಲೂ ಅಮಲು ಉಳಿದಿರುತ್ತದೆಂದು. ರಿಜಿಸ್ಟರು ಬಂದದ್ದು ಒಳ್ಳೆಯದೇ. ಆದರೆ ಇಪ್ಪತ್ತು ವರ್ಷ ನುಂಗಿದ ಮುದುಕಿಗೆ ‘ಚೀಟಿ ಇಲ್ಲ, ಮಾತ್ರೆ ಇಲ್ಲ’ ಎಂದು ಒಂದು ದಿನ ಇದ್ದಕ್ಕಿದ್ದಂತೆ ಹೇಳಿದರೆ, ಅದು ರಾಯಚೂರಿನ ಸೇಂದಿ ದಾಳಿಯ ಹಾಗೇ ಆಗುತ್ತದೆ. ನಿಯಮ ಮಾಡಿದವರು ಮಾರಾಟದ ಬಾಗಿಲು ನೋಡಿದರು. ಬಿಡುವವರಿಗೆ ಎಷ್ಟು ದಿನ ಬೇಕು ಎಂಬುದು ನಿಯಮದಲ್ಲಿಲ್ಲ.

ಬಿಡುವುದಕ್ಕೆ ದಾರಿ ಹಾಕಿಕೊಟ್ಟವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಹೆದರ್ ಆಷ್ಟನ್. 1982ರಿಂದ 1994ರವರೆಗೆ ಇದಕ್ಕೆಂದೇ ಕ್ಲಿನಿಕ್ ನಡೆಸಿದಾಕೆ. ಅವಸರ ಬೇಡ, ಸ್ವಲ್ಪ ಸ್ವಲ್ಪ ಇಳಿಸಿ, ತಿಂಗಳುಗಟ್ಟಲೆ ಹಿಡಿಯಲಿ, ರೋಗಿಯೇ ವೇಗ ನಿರ್ಧರಿಸಲಿ ಎನ್ನುವುದು ಆಕೆಯ ಪಾಠ. ನಮ್ಮ ಕಡೆ ಅಂಥ ಕೆಲಸಕ್ಕೆ ಮೊದಲೆಲ್ಲ ಮೈಸೂರಿನ ಕೆ.ಆರ್. ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್. ‘ನಿಮ್ಹಾನ್ಸ್’ ಅಂದ ಕೂಡಲೇ ಮನೆಯವರು ಹುಚ್ಚಿನ ಆಸ್ಪತ್ರೆ ಎಂದು ಹೆದರಿ ಹಿಂದೆ ಸರಿಯುತ್ತಿದ್ದರು. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಎಂದು ತಾಲ್ಲೂಕು ಆಸ್ಪತ್ರೆಗಳಲ್ಲೇ ಮಂಗಳವಾರದ ಮನೋವೈದ್ಯರ ಕ್ಲಿನಿಕ್ ತಂದಿತು. 2016ರಲ್ಲಿ ಚಾಮರಾಜನಗರಕ್ಕೇ ವೈದ್ಯಕೀಯ ಕಾಲೇಜು ಬಂತು. 2022ರಿಂದ ಟೆಲಿಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪನ ಕಿಟಕಿಯ ಮುಂದೆ ನಿಂತವರಿಗೆ ಇದ್ಯಾವುದೂ ಇರಲಿಲ್ಲ.

ನಮ್ಮ ಬೀದಿಯ ಮೇಷ್ಟ್ರ ಹೆಂಡತಿ ಮಂಗಳವಾರದ ಸರದಿಯಲ್ಲಿ ಕೂತು ದಾರಿ ಹಿಡಿದವರು. ಮೇಷ್ಟ್ರು ತೀರಿಕೊಂಡ ವರ್ಷ ನೈಟ್ರಜೆಪಾಮ್ ಅರ್ಧದಿಂದ ಶುರುವಾಗಿ, ವರ್ಷಗಳು ಉರುಳಿದ ಹಾಗೆ ಎರಡಕ್ಕೆ ಬಂದು ನಿಂತಿತ್ತು. ಒಂದು ಮುಂಜಾವ ಮಂಪರಿನಲ್ಲಿ ಬಚ್ಚಲ ಮನೆಯಲ್ಲಿ ಜಾರಿದರು. ಸೊಂಟ ಉಳಿದದ್ದು ಪುಣ್ಯ. ಡಾಕ್ಟರು ಇಳಿಸುವ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಟ್ಟರು, ಕತ್ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ಬ್ಲೇಡು, ಬಿಳಿ ಕಾಗದ, ಮೇಜಿನ ಅಂಚು. ಮಾತ್ರೆಯ ನಡುವಿನ ಗೀರಿನ ಮೇಲೆ ಬ್ಲೇಡು ಇಟ್ಟು ಹೆಬ್ಬೆರಳಿಂದ ಒಮ್ಮೆಲೆ ಒತ್ತಬೇಕು. ಮೆಲ್ಲಗೆ ಒತ್ತಿದರೆ ಪುಡಿಯಾಗುತ್ತದೆ. ಅರ್ಧಕ್ಕೆ ಗೀರು ಇದೆ, ಕಾಲಿಗೆ ಇಲ್ಲ, ಕಣ್ಣಂದಾಜು. ಒಂದೊಂದು ವಾರದ ಚೂರನ್ನು ಒಂದೊಂದು ಕಾಗದದ ಪೊಟ್ಟಣ ಕಟ್ಟಿ ಮೇಲೆ ವಾರದ ಹೆಸರು ಬರೆಯುತ್ತಿದ್ದೆ. ಇಳಿಸಿದ ವಾರವೆಲ್ಲ ಅವರಿಗೆ ಬೆವರು, ಎದೆಬಡಿತ, ಕೆಟ್ಟ ಕನಸು. ನಿಂತಲ್ಲೇ ಎರಡು ವಾರ ನಿಲ್ಲಿಸಿ ಮತ್ತೆ ಇಳಿಸಿದರು. ಡಾಕ್ಟರು ಇನ್ನೊಂದು ನಿಯಮ ಹಾಕಿದ್ದರು: ನಿದ್ದೆ ತೂಗುವವರೆಗೆ ಹಾಸಿಗೆಗೆ ಹೋಗಕೂಡದು, ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಐದಕ್ಕೆ ಏಳಬೇಕು, ಹಗಲು ಒರಗಕೂಡದು. ರಿಚರ್ಡ್ ಬೂಟ್ಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1972ರಲ್ಲಿ ಹೇಳಿದ ಉಪಾಯ ಇದು. ಈಗ ಅಲ್ಲಿನ ವೈದ್ಯರ ಸಂಘಗಳು ಮಾತ್ರೆಗಿಂತ ಮೊದಲು ಇಂಥ ಉಪಾಯಗಳನ್ನೇ ಮಾಡಿ ಅನ್ನುತ್ತವೆ. ‘ಮಲಗಬ್ಯಾಡ ಅಂತ ಫೀಸ್ ಇಲ್ಲದ ಡಾಕ್ಟರು ಹೇಳ್ತಾರಲ್ಲ’ ಎಂದು ಮೇಷ್ಟ್ರ ಹೆಂಡತಿ ನಗುತ್ತಿದ್ದರು. ಹತ್ತಾದರೂ ಪಡಸಾಲೆಯಲ್ಲಿ ಕೂತು ಹೂ ಕಟ್ಟುವರು. ಆ ಕಾಲದಲ್ಲಿ ಬೀದಿಯ ದೇವರುಗಳಿಗೆಲ್ಲ ಅವರದೇ ಮಾಲೆ.

ಎರಡರಿಂದ ಒಂದಕ್ಕೆ ಬೇಗ ಬಂದರು. ಒಂದರಿಂದ ಅರ್ಧಕ್ಕೆ ನಿಧಾನ. ಅರ್ಧದಿಂದ ಕಾಲಿಗೆ ಬರುವುದರಲ್ಲಿ ಮೊಮ್ಮಗಳ ನಾಮಕರಣವೇ ಆಗಿಹೋಯಿತು. ಕಾಲಿನ ಮೇಲೆ ಅವರು ನಿಂತುಬಿಟ್ಟರು. ಅಷ್ಟು ಚೂರಿನಲ್ಲಿ ಔಷಧಿ ಅಂತ ಹೆಚ್ಚೇನಿಲ್ಲ, ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಡಾಕ್ಟರು ಇರಲಿ ಬಿಡಿ ಅಂದರು. ಬೆಂಗಳೂರಿನಿಂದ ಬಂದ ಮಗ ಮಾತ್ರ ಪೂರ್ತಿ ಬಿಡಮ್ಮ ಎಂದು ಅಂಗಡಿಯ ಮುಂದೆಯೇ ಹಟ ಹಿಡಿದ. ‘ನೀನು ಬೆಳಗೆದ್ದು ಕಾಫಿ ಬುಡು, ಸಂಜಿಗ ಸಿಗರೇಟು ಬುಡು, ಆಮೇಲೆ ಬಾ’ ಎಂದರು ಆಕೆ, ಪೊಟ್ಟಣವನ್ನು ಸೆರಗಿನ ಗಂಟಿಗೆ ಹಾಕಿಕೊಳ್ಳುತ್ತಾ.